ಕಾಗದ ಮೊದಲು, ಏಜೆಂಟ್ ಕೊನೆಗೆ: ಕಲಬುರಗಿ ಸೀಮೆಯಿಂದ ಹೊರದೇಶದ ನೌಕರಿಗೆ ತಯಾರಿ

ಹೊರದೇಶದ ಕೆಲಸ ಅಂದಕೂಡಲೇ ನಮ್ಮ ಕಡೆ ಮೊದಲು ಹುಡುಕುವುದು ಏಜೆಂಟನ ನಂಬರ್. ಆಮೇಲೆ ಪಾಸ್‌ಪೋರ್ಟ್, ಅದಾದ ಮೇಲೆ ಅಂಕಪಟ್ಟಿಯ ಗಡಿಬಿಡಿ, ಕೊನೆಗೆ ಯಾವಾಗಲೋ ಭಾಷೆ. ಈ ಸಾಲು ಪೂರಾ ಉಲ್ಟಾ. ಭಾಷೆಗೆ ವರ್ಷ ಹಿಡಿಯುತ್ತದೆ, ಕಾಗದಪತ್ರ ಸರಿಪಡಿಸಲು ನಾಲ್ಕಾರು ತಿಂಗಳು ಹಿಡಿಯುತ್ತದೆ, ಏಜೆಂಟ್ ಹಿಡಿಯಲು ಒಂದು ವಾರ ಸಾಕು. ಹೆಚ್ಚು ಹೊತ್ತು ತಿನ್ನುವ ಕೆಲಸವನ್ನು ಮೊದಲು ಶುರುಮಾಡಬೇಕು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕೂತು ಗಲ್ಫ್, ಜರ್ಮನಿ, ಬ್ರಿಟನ್, ಜಪಾನ್ ಕಡೆ ಕಣ್ಣಿಟ್ಟವರು ಯಾವ ಕ್ರಮದಲ್ಲಿ ಏನು ಮಾಡಬೇಕು, ಎಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಎಲ್ಲಾ ಕಾಗದದಲ್ಲೂ ಒಂದೇ ಹೆಸರು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಪದವಿ ಅಥವಾ ಐಟಿಐ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಐದನ್ನೂ ಒಟ್ಟಿಗೆ ಹರಡಿಕೊಳ್ಳಿ. ಇಂಗ್ಲಿಷಿನಲ್ಲಿರುವ ಹೆಸರನ್ನು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿ. ಶರಣಬಸಪ್ಪ ಎಂಬ ಹೆಸರನ್ನೇ ತಗೊಳ್ಳಿ. 'ಶರಣ' ಬರೆಯುವಾಗ ಆರ್ ಆದಮೇಲೆ ಒಂದು ಕಾಗದದಲ್ಲಿ ಎ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಒಂದರಲ್ಲಿ ಪಿ ಒಂದು, ಮತ್ತೊಂದರಲ್ಲಿ ಎರಡು. ಮೊಹಮ್ಮದ್ ಅಂತ ಹೆಸರಿರುವವರಿಗೆ ಅಂಕಪಟ್ಟಿಯಲ್ಲಿ ಬರೀ ಎಂ, ಡಿ ಎರಡೇ ಅಕ್ಷರ. ಆಧಾರಿನಲ್ಲಿ ಪೂರ್ತಿ ಹೆಸರು. 'ಬಸವರಾಜ ತಂದೆ ಶಿವಪ್ಪ' ಎಂದು ಬರೆಯುವ ನಮ್ಮ ರೂಢಿಯಿಂದಾಗಿ ತಂದೆಯ ಹೆಸರು ಒಂದು ಕಚೇರಿಯಲ್ಲಿ ಮುಂದೆ ಬರುತ್ತದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬರೀ ಇನಿಷಿಯಲ್ ಆಗಿ ಕೂತಿರುತ್ತದೆ. ಊರಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರಿಯಾದ್‌ನಲ್ಲೋ ಬರ್ಲಿನ್‌ನಲ್ಲೋ ಕಡತ ನೋಡುವವನಿಗೆ ಮಾತ್ರ ಇವರು ಇಬ್ಬರು ಬೇರೆ ಬೇರೆ ಮನುಷ್ಯರು.

ಹಾಗಾದರೆ ಯಾವುದಕ್ಕೆ ಯಾವುದನ್ನು ಹೊಂದಿಸಬೇಕು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಉಳಿದದ್ದನ್ನೆಲ್ಲ ಹೊಂದಿಸಿ. ಎಲ್ಲಕ್ಕಿಂತ ತಿದ್ದಲು ಕಷ್ಟವಾದದ್ದು ಅದು. ಮುಂದಿನ ಪಿಯು, ಪದವಿಯ ಹೆಸರುಗಳೆಲ್ಲ ಅದರಿಂದಲೇ ಬಂದಿರುತ್ತವೆ. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಆದ್ದರಿಂದ ಕೇಂದ್ರದಲ್ಲಿ ಆಪರೇಟರ್ ಟೈಪ್ ಮಾಡಿದ್ದನ್ನು ಪರದೆಯ ಮೇಲೆ ನೀವೇ ಓದಿ ನೋಡದೆ ಒಪ್ಪಿಗೆ ಕೊಡಬೇಡಿ. ಅವಸರದಲ್ಲಿ ಒಂದು ಅವಕಾಶ ಹಾಳಾದರೆ ಮುಂದೆ ದೊಡ್ಡ ತಲೆನೋವು. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಇದನ್ನು ಪಾಸ್‌ಪೋರ್ಟ್ ಮಾಡಿಸುವ ಮುಂಚೆಯೇ ಮುಗಿಸಿ.

ಪಾಸ್‌ಪೋರ್ಟಿನಲ್ಲಿ ಹೆಸರು, ಅಡ್ಡಹೆಸರು ಎರಡೂ ಕಾಲಂ ತುಂಬಿರಲಿ. ಬರೀ 'ನಾಗಮ್ಮ' ಎಂಬ ಒಂದೇ ಹೆಸರಿದ್ದು ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ತೊಂದರೆ ಉಂಟು. 2022ರ ನವೆಂಬರಿನಲ್ಲಿ ಯುಎಇ ಹೀಗೆ ಒಂಟಿ ಹೆಸರಿನ ಪಾಸ್‌ಪೋರ್ಟ್ ಹಿಡಿದು ವಿಸಿಟ್ ವೀಸಾದಲ್ಲಿ ಬರುವವರನ್ನು ಬಿಡುವುದಿಲ್ಲ ಎಂದು ನಿಯಮ ತಂದಿತು.

ಊರಿನ ಹೆಸರಿನ ಬಗ್ಗೆ ಮಾತ್ರ ಗಾಬರಿ ಬೇಡ. ಗುಲಬರ್ಗಾ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಯಾದಗಿರಿಯವರಲ್ಲಿ 2009ಕ್ಕೂ ಮುಂಚೆ ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ಜಿಲ್ಲೆ ಗುಲಬರ್ಗಾ ಎಂದೇ ಇರುತ್ತದೆ. ಇದಕ್ಕಾಗಿ ಹಳೆಯ ಅಂಕಪಟ್ಟಿ ತಿದ್ದಿಸಲು ಓಡಬೇಕಿಲ್ಲ. ವೀಸಾ ಅರ್ಜಿಯಲ್ಲಿ ಜನ್ಮಸ್ಥಳವನ್ನು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ. ವಿಶ್ವವಿದ್ಯಾಲಯದ ಹೆಸರು ಇಂದಿಗೂ ಗುಲಬರ್ಗಾ ವಿಶ್ವವಿದ್ಯಾಲಯ. ಪ್ರಮಾಣಪತ್ರದಲ್ಲಿ ಅಚ್ಚಾದಂತೆ ಬರೆದು ಪಕ್ಕದಲ್ಲಿ ಊರನ್ನು ಕಲಬುರಗಿ ಎಂದು ಹಾಕಿ.

36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ, ತತ್ಕಾಲ್ ಬೇಕೆಂದರೆ ಮೇಲೆ 2,000. ಅರ್ಜಿ ಹಾಕುವಾಗ ಹತ್ತನೇ ತರಗತಿ ಪಾಸಾದ ದಾಖಲೆ ಕೊಡಲೇಬೇಕು. ಕೊಡದಿದ್ದರೆ ಪಾಸ್‌ಪೋರ್ಟ್ 'ಇಸಿಆರ್' ಆಗಿ ಬರುತ್ತದೆ. ಅಂದರೆ ಸೌದಿ, ಯುಎಇ, ಕತಾರ್, ಕುವೈತ್, ಓಮನ್, ಬಹ್ರೇನ್, ಮಲೇಷ್ಯಾದಂಥ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ವಲಸೆ ಅನುಮತಿ ಬೇಕಾಗುತ್ತದೆ. ಈಗಾಗಲೇ ಇಸಿಆರ್ ಇದ್ದು ನೀವು ಹತ್ತನೇ ತರಗತಿ ಪಾಸಾಗಿದ್ದರೆ ಮರುಮುದ್ರಣಕ್ಕೆ ಅರ್ಜಿ ಹಾಕಿ ತೆಗೆಸಿಕೊಳ್ಳಬಹುದು. ನರ್ಸುಗಳ ವಿಷಯ ಬೇರೆ: ಈ ದೇಶಗಳಿಗೆ ಹೋಗುವ ನರ್ಸುಗಳಿಗೆ ಪಾಸ್‌ಪೋರ್ಟ್ ಯಾವುದೇ ಇರಲಿ, ವಲಸೆ ಅನುಮತಿ ಕಡ್ಡಾಯ.

ಕೆಲಸ ಮಾಡಿದ್ದಕ್ಕೆ ಸಾಕ್ಷಿ

ನಮ್ಮ ಭಾಗದಲ್ಲಿ ಕೈಕೆಲಸ ಬಲ್ಲವರಿಗೆ ಬರವಿಲ್ಲ. ಸೇಡಂ, ಮಳಖೇಡ, ವಾಡಿ ಸಿಮೆಂಟ್ ಕಾರ್ಖಾನೆಗಳ ಶಟ್‌ಡೌನ್ ಕೆಲಸದಲ್ಲಿ ಬೆಳೆದ ಫಿಟ್ಟರ್, ವೆಲ್ಡರ್, ರಿಗ್ಗರ್‌ಗಳು ಎಲ್ಲಿ ಹೋದರೂ ಕೆಲಸ ಮಾಡಿಯಾರು. ಆದರೆ ಐದು ವರ್ಷದ ಅನುಭವ ತೋರಿಸಿ ಅಂದರೆ ಕೈಯಲ್ಲಿ ಏನೂ ಇರುವುದಿಲ್ಲ. ಗುತ್ತಿಗೆದಾರ ನಗದು ಕೊಟ್ಟ, ಹಾಜರಿ ಪುಸ್ತಕ ಅವನ ಹತ್ತಿರವೇ ಉಳಿಯಿತು, ಮುಗಿಯಿತು.

ಇಂದಿನಿಂದಲೇ ಮೂರು ಕೆಲಸ ಮಾಡಿ. ಕೂಲಿಯನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಪಿಎಫ್ ಕಟ್ಟುವ ಗುತ್ತಿಗೆದಾರನ ಕೈಕೆಳಗೆ ಕೆಲಸ ಹಿಡಿಯಿರಿ, ಎರಡು ಸಾವಿರ ಕಡಿಮೆ ಸಿಕ್ಕರೂ ಪರವಾಗಿಲ್ಲ. ಯುಎಎನ್ (ಪಿಎಫ್ ಸಂಖ್ಯೆ) ಪಾಸ್‌ಬುಕ್ಕಿನಲ್ಲಿ ಕಂಪನಿಯ ಹೆಸರೂ ತಿಂಗಳು ತಿಂಗಳ ಜಮೆಯೂ ಇರುತ್ತದೆ, ಅದಕ್ಕಿಂತ ಗಟ್ಟಿ ಸಾಕ್ಷಿ ಮತ್ತೊಂದಿಲ್ಲ. ಇನ್ನು ಕೆಲಸ ಬಿಡುವ ದಿನವೇ ಅನುಭವ ಪತ್ರ ಬರೆಸಿಕೊಳ್ಳಿ. ಪತ್ರದಲ್ಲಿ ಲೆಟರ್‌ಹೆಡ್, ಸೇರಿದ ಹಾಗೂ ಬಿಟ್ಟ ದಿನಾಂಕ, ಹುದ್ದೆ, ಮಾಡಿದ ಕೆಲಸದ ವಿವರ, ಸಹಿ ಹಾಕಿದವರ ಹೆಸರು, ಹುದ್ದೆ, ಸ್ಥಿರ ದೂರವಾಣಿ ಅಥವಾ ಕಂಪನಿಯ ಇಮೇಲ್ ಇರಬೇಕು. 'ಇವರು ನಮ್ಮಲ್ಲಿ ಉತ್ತಮವಾಗಿ ಕೆಲಸ ಮಾಡಿದ್ದಾರೆ, ಶುಭವಾಗಲಿ' ಎಂಬ ಎರಡು ಸಾಲಿನ ಪತ್ರಕ್ಕೆ ಬೆಲೆಯಿಲ್ಲ.

ನರ್ಸುಗಳಿಗೆ ಇದು ಇನ್ನೂ ಬಿಗಿ. ಗಲ್ಫ್ ದೇಶಗಳ ಪರವಾನಗಿಗೆ ಡೇಟಾಫ್ಲೋ ಎಂಬ ಪರಿಶೀಲನೆ ಇದೆ. ನಿಮ್ಮ ಕಾಲೇಜಿಗೆ, ನರ್ಸಿಂಗ್ ಕೌನ್ಸಿಲ್‌ಗೆ, ಕೆಲಸ ಮಾಡಿದ ಆಸ್ಪತ್ರೆಗೆ ಅವರೇ ನೇರವಾಗಿ ಬರೆದು 'ಈ ಕಾಗದ ನಿಮ್ಮದೇನಾ' ಎಂದು ಕೇಳುತ್ತಾರೆ. ಪತ್ರ ನಿಜವಾದದ್ದೇ ಆಗಿರುತ್ತದೆ, ಆಸ್ಪತ್ರೆಯವರು ಉತ್ತರ ಕೊಡುವುದಿಲ್ಲ. ವರದಿಯಲ್ಲಿ 'ಪರಿಶೀಲಿಸಲಾಗಲಿಲ್ಲ' ಎಂದು ಬೀಳುತ್ತದೆ. ಹಾಗಾಗಿ ಅರ್ಜಿ ಹಾಕುವ ಮುಂಚೆ ಆಸ್ಪತ್ರೆಯ ಆಡಳಿತ ವಿಭಾಗಕ್ಕೆ ಖುದ್ದಾಗಿ ಹೋಗಿ, ಇಂಥ ಮೇಲ್ ಬರುತ್ತದೆ, ಯಾವ ವಿಳಾಸಕ್ಕೆ ಬಂದರೆ ನೋಡುತ್ತೀರಿ ಎಂದು ಕೇಳಿ, ಆ ವಿಳಾಸವನ್ನೇ ಅರ್ಜಿಯಲ್ಲಿ ಕೊಡಿ. ಅನುಭವ ಪತ್ರದಲ್ಲಿ ಆಸ್ಪತ್ರೆಯ ಹಾಸಿಗೆ ಸಂಖ್ಯೆ, ನೀವಿದ್ದ ವಾರ್ಡ್, ಪೂರ್ಣಾವಧಿ ಎಂಬ ಮಾತು ಬರಲಿ. ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿಯ ಅವಧಿ ಮುಗಿದಿದ್ದರೆ ಮೊದಲು ನವೀಕರಿಸಿ, ಜೊತೆಗೆ ಗುಡ್ ಸ್ಟ್ಯಾಂಡಿಂಗ್ ಪತ್ರ (ನಿಮ್ಮ ಮೇಲೆ ಶಿಸ್ತುಕ್ರಮ ಇಲ್ಲವೆಂಬ ಪತ್ರ) ಕೇಳಿ.

ಟ್ರೇಡ್ ಟೆಸ್ಟಿನಲ್ಲಿ ಯಾಕೆ ಫೇಲ್ ಆಗುತ್ತಾರೆ

ಟ್ರೇಡ್ ಟೆಸ್ಟ್ ಅಂದರೆ ಕೈಕೆಲಸ ಮಾಡಿಸಿ ನೋಡುವ ಪರೀಕ್ಷೆ. ವೆಲ್ಡರ್‌ಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ, ಯಾಕೆಂದರೆ ಸಂಬಳದ ಅಂತರ ಇಲ್ಲಿ ಕಣ್ಣಿಗೆ ಹೊಡೆಯುವಷ್ಟಿದೆ. ಕಪನೂರ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡುಗಳಲ್ಲಿ ಗೇಟು, ಗ್ರಿಲ್ಲು, ಟ್ರಾಲಿ ಮಾಡಿ ಕೈ ಪಳಗಿಸಿದವರು ಹೆಚ್ಚಾಗಿ ಪ್ಲೇಟನ್ನು ಮಲಗಿಸಿ ವೆಲ್ಡ್ ಮಾಡುವವರು. ಎಣ್ಣೆ, ಅನಿಲ ಕಂಪನಿಗಳು ಕೇಳುವುದು 6ಜಿ: ಪೈಪನ್ನು 45 ಡಿಗ್ರಿ ಓರೆಯಾಗಿ ಕಟ್ಟಿಬಿಡುತ್ತಾರೆ, ಅದು ತಿರುಗುವುದಿಲ್ಲ, ಸುತ್ತ ತಿರುಗಬೇಕಾದವರು ನೀವು. ಸಾಮಾನ್ಯವಾಗಿ 6 ಇಂಚಿನ ಶೆಡ್ಯೂಲ್ 80 (ದಪ್ಪ ಗೋಡೆಯ) ಪೈಪು, ಒಳಗಿನ ರೂಟ್ ಪಾಸ್ (ಮೊದಲ ಪದರ) ಟಿಗ್‌ನಲ್ಲಿ (ಟಂಗ್‌ಸ್ಟನ್ ಆರ್ಕ್ ವೆಲ್ಡಿಂಗ್), ಮೇಲಿನ ಪದರಗಳು 7018 ಎಂಬ ಲೇಪವಿರುವ ವೆಲ್ಡಿಂಗ್ ರಾಡಿನಲ್ಲಿ.

ಫೇಲ್ ಆಗುವುದು ಬಹುತೇಕ ರೂಟಿನಲ್ಲೇ. ಬೆವೆಲ್ (ಪೈಪಿನ ತುದಿಯ ಇಳಿಜಾರು) ಒಂದೊಂದು ಬದಿ 30ರಿಂದ 37 ಡಿಗ್ರಿ, ರೂಟ್ ಫೇಸ್ (ಇಳಿಜಾರಿಲ್ಲದೆ ಉಳಿಯುವ ಅಂಚು) ಒಂದೂವರೆ ಮಿ.ಮೀ. ಒಳಗೆ, ಎರಡು ಪೈಪಿನ ನಡುವಿನ ಸಂದು 2.5ರಿಂದ 3 ಮಿ.ಮೀ. ಇಟ್ಟರೆ ಅರ್ಧ ಗೆದ್ದಂತೆ. ಸಂದು ಕಡಿಮೆಯಾದರೆ ಲೋಹ ಒಳಗಿನವರೆಗೆ ಇಳಿಯುವುದಿಲ್ಲ, ಎಕ್ಸ್‌ರೇಯಲ್ಲಿ ಕಪ್ಪು ಗೆರೆ ಕಾಣುತ್ತದೆ. ಗಡಿಯಾರದ 6 ಗಂಟೆಯ ಜಾಗದಲ್ಲಿ, ಅಂದರೆ ಪೈಪಿನ ಹೊಟ್ಟೆಯ ಕೆಳಗೆ, ಕರಗಿದ ಲೋಹ ತನ್ನ ಭಾರಕ್ಕೇ ಜಗ್ಗಿ ಒಳಬದಿಯಲ್ಲಿ ಗುಳಿ ಬೀಳುತ್ತದೆ. ಅಲ್ಲಿ ಆರ್ಕ್ ಚಿಕ್ಕದಿಟ್ಟು ಫಿಲ್ಲರನ್ನು ಸಂದಿನೊಳಗೆ ತಳ್ಳುತ್ತಲೇ ಸಾಗಬೇಕು. ಇನ್ನೊಂದು ತಪ್ಪು 7018 ರಾಡನ್ನು ಪ್ಯಾಕೆಟ್ ಒಡೆದು ಬೆಂಚಿನ ಮೇಲೆ ಬಿಟ್ಟಿರುವುದು. ಅದರ ಲೇಪ ಗಾಳಿಯ ತೇವ ಹೀರಿಕೊಂಡರೆ ವೆಲ್ಡಿನಲ್ಲಿ ಸಣ್ಣ ಸಣ್ಣ ರಂಧ್ರ, ತಣ್ಣಗಾದ ಮೇಲೆ ಬಿರುಕು. ಟೆಸ್ಟಿನಲ್ಲಿ ರಾಡ್ ಓವನ್‌ನಿಂದ ಬಂದಿದೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಕೇಳಿದವನ ಬಗ್ಗೆ ಪರೀಕ್ಷಕನಿಗೆ ಗೌರವವೇ ಹೆಚ್ಚುತ್ತದೆ. ಕಲಬುರಗಿಯ ಜಿಟಿಟಿಸಿಯಂಥ ತರಬೇತಿ ಕೇಂದ್ರಗಳಲ್ಲಿ ಯಾವ ಯಾವ ಕೋರ್ಸು ಇದೆ ಎಂದು ವಿಚಾರಿಸಿ. ಪ್ಲೇಟ್ ಕೈ ಇದ್ದವರು 6ಜಿಗೆ ಬರಲು ದಿನವೂ ಪೈಪಿನ ಮೇಲೆ ಕೂತರೆ ಮೂರು ತಿಂಗಳಾದರೂ ಬೇಕು.

ಡ್ರೈವರ್‌ಗಳಿಗೆ ಒಂದೇ ಮಾತು: ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಒಂದು ವರ್ಷದ್ದು. ಗಲ್ಫಿನಲ್ಲಿ ನೌಕರಿಗೆ ಅಲ್ಲಿನ ಲೈಸೆನ್ಸೇ ತೆಗೆಯಬೇಕು, ಅದರ ಖರ್ಚು ಯಾರದು ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಭಾಷೆ

ನಮ್ಮವರಿಗೆ ಒಂದು ಲಾಭ ಹುಟ್ಟಿನಿಂದಲೇ ಬಂದಿದೆ. ಕನ್ನಡ, ದಖ್ಖನಿ ಉರ್ದು, ಬೀದರ್ ಕಡೆ ಮರಾಠಿ, ಯಾದಗಿರಿ ಕಡೆ ತೆಲುಗು ಎಲ್ಲ ಬಾಯಲ್ಲಿ ಓಡುತ್ತದೆ. ಗಲ್ಫಿನ ಸೈಟುಗಳಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಕಾರ್ಮಿಕರ ನಡುವೆ ನಡೆಯುವುದು ಹಿಂದಿ-ಉರ್ದು. ಫೋರ್‌ಮನ್ ಹುದ್ದೆಗೆ ಇದೇ ತೂಕ ಕೊಡುತ್ತದೆ, ಬಯೋಡೇಟಾದಲ್ಲಿ ಬಿಡಬೇಡಿ.

ಇಂಗ್ಲಿಷಿನಲ್ಲಿ ವ್ಯಾಕರಣಕ್ಕಿಂತ ಉಚ್ಚಾರವೇ ಹೆಚ್ಚು ಸಿಕ್ಕಿಹಾಕಿಸುತ್ತದೆ. ಕನ್ನಡದ ನಾಲಿಗೆಗೆ ಪದ ವ್ಯಂಜನದಲ್ಲಿ ನಿಲ್ಲುವುದು ಒಗ್ಗುವುದಿಲ್ಲ; ಬಸ್ಸು, ಬೆಡ್ಡು, ರಿಪೋರ್ಟು ಎಂದು ಉಕಾರ ಹಚ್ಚುತ್ತೇವೆ. ಎಕಾರದಿಂದ ಶುರುವಾಗುವ ಪದಕ್ಕೆ 'ಯೆ' ಸೇರುತ್ತದೆ. ವಿ ಮತ್ತು ಡಬ್ಲ್ಯು ಎರಡಕ್ಕೂ ಒಂದೇ ವ. ದಿನಕ್ಕೆ ಎರಡು ನಿಮಿಷ ನಿಮ್ಮ ಕೆಲಸದ ಬಗ್ಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಮುಂಜಾನೆ ಕೇಳಿ ಈ ಮೂರನ್ನಷ್ಟೇ ಗುರುತು ಹಾಕಿ. ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್ ಮತ್ತು ಒಇಟಿ (ಇದು ಆರೋಗ್ಯ ಕ್ಷೇತ್ರದವರದು) ಅಂಕಗಳು ಎರಡು ವರ್ಷ ಮಾತ್ರ ನಡೆಯುತ್ತವೆ. ಬೇಗ ಬರೆದು ಇಟ್ಟುಕೊಳ್ಳುವ ಆತುರ ಬೇಡ. ಬ್ರಿಟನ್ನಿನ ನರ್ಸಿಂಗ್ ನೋಂದಣಿಗೆ ಐಇಎಲ್‌ಟಿಎಸ್‌ನಲ್ಲಿ ಕೇಳುವುದು, ಓದುವುದು, ಮಾತಾಡುವುದಕ್ಕೆ 7, ಬರೆಯುವುದಕ್ಕೆ 6.5 ಬೇಕು. ಒಇಟಿಯಲ್ಲಿ ಮೂರಕ್ಕೆ ಬಿ, ಬರವಣಿಗೆಗೆ ಸಿ ಪ್ಲಸ್ ಸಾಕು, ಪ್ರಶ್ನೆಗಳೂ ಆಸ್ಪತ್ರೆಯ ವಿಷಯದ್ದೇ. ನರ್ಸುಗಳಿಗೆ ಒಇಟಿಯೇ ವಾಸಿ ಎಂಬುದು ನಮ್ಮ ಅಭಿಪ್ರಾಯ.

ಜರ್ಮನಿಯಲ್ಲಿ ನರ್ಸ್ ಆಗಿ ಪೂರ್ಣ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ (ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲಲ್ಲಿ ನಾಲ್ಕನೆಯದು) ಜರ್ಮನ್ ಬೇಕು. ಸೊನ್ನೆಯಿಂದ ಬಿ2ಕ್ಕೆ 45 ನಿಮಿಷದ 600ರಿಂದ 800 ಪಾಠಗಳು ಬೇಕೆಂಬುದು ಲೆಕ್ಕ. ದಿನಕ್ಕೆ ಮೂರು ಪಾಠ, ವಾರಕ್ಕೆ ಐದು ದಿನ ಅಂದರೂ ಹತ್ತು ತಿಂಗಳಿಂದ ಒಂದು ವರ್ಷ. 'ಮೂರು ತಿಂಗಳಲ್ಲಿ ಬಿ2 ಗ್ಯಾರಂಟಿ' ಎಂಬ ಬೋರ್ಡು ಕಂಡರೆ ಈ ಲೆಕ್ಕ ನೆನಪಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಕಲಿತರೂ ಪರೀಕ್ಷೆಗೆ ಬೆಂಗಳೂರು ಅಥವಾ ಹೈದರಾಬಾದಿಗೆ ಹೋಗಬೇಕು. ಬೀದರಿನವರಿಗೆ ಹೈದರಾಬಾದೇ ಹತ್ತಿರ. ಎಂಜಿನಿಯರುಗಳಿಗೆ 2024ರ ಜೂನ್‌ನಿಂದ ಜರ್ಮನಿ 'ಚಾನ್ಸೆನ್‌ಕಾರ್ಟೆ' ಎಂಬ ಕೆಲಸ ಹುಡುಕುವ ವೀಸಾ ತಂದಿದೆ. ಕನಿಷ್ಠ 6 ಅಂಕ ಬೇಕು, ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2 ಇರಬೇಕು. ಅದಕ್ಕೂ ಮುಂಚೆ ನಿಮ್ಮ ವಿಶ್ವವಿದ್ಯಾಲಯವನ್ನು ಅಲ್ಲಿನ ಅನಾಬಿನ್ ದತ್ತಸಂಚಯದಲ್ಲಿ ಹುಡುಕಿ, ಎಚ್ ಪ್ಲಸ್ (ಮಾನ್ಯತೆ ಇರುವ ಸಂಸ್ಥೆ) ಗುರುತು ಇದೆಯೇ ನೋಡಿ. ಜಪಾನಿನಲ್ಲಿ ವಯೋವೃದ್ಧರ ಆರೈಕೆಯಂಥ ಕೆಲಸಕ್ಕೆ 2019ರಿಂದ ಇರುವ ನುರಿತ ಕೆಲಸಗಾರರ ವೀಸಾಕ್ಕೆ ಎನ್4 ಮಟ್ಟದ (ಐದು ಮಟ್ಟಗಳಲ್ಲಿ ಕೆಳಗಿನಿಂದ ಎರಡನೆಯದು) ಜಪಾನಿ ಭಾಷೆ ಮತ್ತು ಕೌಶಲ ಪರೀಕ್ಷೆ ಎರಡೂ ಬೇಕು.

ಮುದ್ರೆ, ದೃಢೀಕರಣ

ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮಲ್ಲಿ ಇದೊಂದು ಚಟ. ಫಲಿತಾಂಶ ಬಂದ ಸಂಜೆಯೇ ಝೆರಾಕ್ಸ್ ಅಂಗಡಿ. ದೃಢೀಕರಣದ ಮುದ್ರೆ, ಸ್ಟಿಕರ್ ಬೀಳುವುದು ಮೂಲ ಪ್ರತಿಯ ಹಿಂಬದಿಗೆ, ಪ್ಲಾಸ್ಟಿಕ್ ಮೇಲೆ ಯಾರೂ ಹಾಕುವುದಿಲ್ಲ. ಬಿಚ್ಚಲು ಹೋದರೆ ಅಕ್ಷರವೂ ಕಿತ್ತು ಬರುತ್ತದೆ, ಕೊನೆಗೆ ಡೂಪ್ಲಿಕೇಟ್ ಪ್ರತಿಗೆ ಅರ್ಜಿ ಹಾಕಬೇಕಾಗುತ್ತದೆ.

ಮುದ್ರೆಯ ಸಾಲು ಹೀಗೆ: ಮೊದಲು ರಾಜ್ಯ ಸರ್ಕಾರದ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ. ಪರಸ್ಪರರ ದಾಖಲೆ ಒಪ್ಪುವ ಹೇಗ್ ಒಪ್ಪಂದದಲ್ಲಿರುವ ದೇಶಕ್ಕಾದರೆ ಸಚಿವಾಲಯದ ಅಪಾಸ್ಟಿಲ್ ಎಂಬ ದೃಢೀಕರಣಕ್ಕೆ ಮುಗಿಯುತ್ತದೆ. ಸೌದಿ 2022ರ ಡಿಸೆಂಬರಿನಿಂದ ಈ ಪಟ್ಟಿಯಲ್ಲಿದೆ, ಓಮನ್, ಬಹ್ರೇನ್ ಕೂಡ. ಯುಎಇ, ಕತಾರ್, ಕುವೈತಿಗೆ ಮಾತ್ರ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಅಪಾಸ್ಟಿಲ್‌ನ ಸರ್ಕಾರಿ ಶುಲ್ಕ ದಾಖಲೆಗೆ 50 ರೂಪಾಯಿ, ಮೇಲೆ ಸಂಗ್ರಹ ಕೇಂದ್ರದ ಸಣ್ಣ ಸೇವಾ ಶುಲ್ಕ. ಸಾವಿರಾರು ಕೇಳಿದರೆ ಅದು ಓಡಾಟದ ದುಡ್ಡು. ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ, 500 ರೂಪಾಯಿ. ಇದನ್ನು ಕೆಲಸ ಖಾತ್ರಿಯಾದ ಮೇಲೆಯೇ ಮಾಡಿಸಿ, ಹಳೆಯದನ್ನು ದೂತಾವಾಸಗಳು ಒಪ್ಪುವುದಿಲ್ಲ. ಹಾಂ, 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರ, ಜಾತಿ ಪ್ರಮಾಣಪತ್ರಗಳನ್ನು ಫೈಲಿಗೆ ತುರುಕುವವರಿದ್ದಾರೆ. ಇಲ್ಲಿ ಅವು ಬಂಗಾರ, ಅಲ್ಲಿ ಬರೀ ತೂಕ.

ಬಯೋಡೇಟಾ ಎರಡು ಪುಟ ಮೀರದಿರಲಿ. ಬ್ರಿಟನ್, ಕೆನಡಾ, ಅಮೆರಿಕಕ್ಕೆ ಫೋಟೊ, ವಯಸ್ಸು, ಧರ್ಮ, ತಂದೆಯ ಹೆಸರು ಹಾಕಬೇಡಿ. ಗಲ್ಫಿನವರು ಫೋಟೊ, ಪಾಸ್‌ಪೋರ್ಟ್ ಅವಧಿ ಕೇಳುತ್ತಾರೆ. ವಿಡಿಯೊ ಸಂದರ್ಶನದ ವೇಳೆಯನ್ನು ಎರಡು ಸಲ ಲೆಕ್ಕಹಾಕಿ: ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ, ದುಬೈ ಒಂದೂವರೆ ಗಂಟೆ ಹಿಂದೆ, ಜರ್ಮನಿ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟ್ ನಂಬಿ ಕೂರಬೇಡಿ. ಮೊಬೈಲ್ ಡೇಟಾ, ಪೂರ್ತಿ ಚಾರ್ಜಾದ ಬ್ಯಾಟರಿ ಪಕ್ಕದಲ್ಲಿರಲಿ, ಫ್ಯಾನಿನ ಸದ್ದು ಮೈಕಿಗೆ ಹೋಗದಂತೆ ಇಯರ್‌ಫೋನ್ ಹಾಕಿ.

ಈಗ ಏಜೆಂಟ್

ಇಷ್ಟೆಲ್ಲ ಕೈಯಲ್ಲಿದ್ದ ಮೇಲೆ ಏಜೆಂಟನ ಮುಂದೆ ನೀವು ಬೇಡುವವರಾಗಿ ಕೂರುವುದಿಲ್ಲ. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಪರವಾನಗಿ ಸಂಖ್ಯೆ ಕೇಳಿ, ಅಲ್ಲಿ ಹಾಕಿ ನೋಡಿ, ಅವಧಿ ಮುಗಿದಿದೆಯೇ ಎಂದೂ ಗಮನಿಸಿ. ಊರಲ್ಲಿ ಓಡಾಡುವ 'ಸಬ್ ಏಜೆಂಟ್'ಗೆ ಯಾವ ಪರವಾನಗಿಯೂ ಇರುವುದಿಲ್ಲ. ನೋಂದಾಯಿತ ಏಜೆಂಟ್ ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಬ್ಯಾಂಕ್ ಮೂಲಕ ಕೊಟ್ಟು ರಸೀದಿ ತಗೊಳ್ಳಿ. ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆಯಡಿಯ ಅಂತರರಾಷ್ಟ್ರೀಯ ವಲಸೆ ಕೇಂದ್ರವನ್ನೂ ವಿಚಾರಿಸಿ.

'ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸೋಣ' ಎಂದರೆ ಎದ್ದು ಬನ್ನಿ. ವಿಸಿಟ್ ವೀಸಾದಲ್ಲಿ ಹೋದವರ ಒಪ್ಪಂದ ಎಲ್ಲೂ ದಾಖಲಾಗಿರುವುದಿಲ್ಲ, ಕೂಲಿ ಸಿಗದಿದ್ದರೆ ದೂರು ಕೊಡಲು ಕಾಗದವಿಲ್ಲ. ಕಲಬುರಗಿ ಜಿಲ್ಲೆಯ ಯುವಕರು ರಷ್ಯಾದಲ್ಲಿ ಸೆಕ್ಯುರಿಟಿ ಕೆಲಸ ಎಂದು ನಂಬಿ ಹೋಗಿ ಉಕ್ರೇನ್ ಯುದ್ಧದ ಗಡಿಯಲ್ಲಿ ಸಿಕ್ಕಿಬಿದ್ದದ್ದು, 2024ರ ಸೆಪ್ಟೆಂಬರಿನಲ್ಲಿ ಮನೆ ಸೇರಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ಥಾಯ್ಲೆಂಡಿನಲ್ಲಿ 'ಡೇಟಾ ಎಂಟ್ರಿ' ಎಂದು ಕರೆದು ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಿಗೆ ದಾಟಿಸುವುದು ಇದೇ ಜಾತಿಯ ಇನ್ನೊಂದು ಆಟ. ಕೆಲಸಕ್ಕೆ ಕೌಶಲ ಕೇಳುವುದಿಲ್ಲ, ಸಂಬಳ ಮಾತ್ರ ಲಕ್ಷದ ಮೇಲೆ ಅಂದರೆ ಅಲ್ಲೇ ನಿಲ್ಲಿ.

ಒಪ್ಪಂದದಲ್ಲಿ ಮೂಲ ವೇತನವನ್ನೂ ಭತ್ಯೆಯನ್ನೂ ಬೇರೆ ಬೇರೆ ನೋಡಿ. ಯುಎಇಯಲ್ಲಿ ಸೇವೆ ಮುಗಿದಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ. ಒಟ್ಟು 2,000 ದಿರ್ಹಂನಲ್ಲಿ ಮೂಲ ವೇತನ 800 ಮಾತ್ರ ಎಂದು ಬರೆದಿದ್ದರೆ ಆ ಲೆಕ್ಕ 800ಕ್ಕೇ ನಡೆಯುತ್ತದೆ. ವಸತಿ, ಊಟ, ವಿಮಾನ ಟಿಕೆಟ್, ಓವರ್‌ಟೈಮ್ ದರ ಬರಹದಲ್ಲಿರಲಿ.

ಗಲ್ಫಿನ ವೈದ್ಯಕೀಯ ತಪಾಸಣೆಯಲ್ಲಿ ಹೆಚ್ಚಾಗಿ ಎಡವುವುದು ಎದೆಯ ಎಕ್ಸ್‌ರೇ. ಹಿಂದೆ ಟಿಬಿ ಆಗಿ ವಾಸಿಯಾಗಿದ್ದರೂ ಗಾಯದ ಗುರುತು ಉಳಿದಿರುತ್ತದೆ. ಏಜೆಂಟನಿಗೆ ದುಡ್ಡು ಕಟ್ಟುವ ಮುಂಚೆ ಊರಲ್ಲೇ ಎಕ್ಸ್‌ರೇ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ ನೋಡಿಕೊಂಡರೆ ಕೆಲವು ನೂರು ರೂಪಾಯಿಯಲ್ಲಿ ಹತ್ತಾರು ಸಾವಿರ ಉಳಿಯುತ್ತದೆ.

ವಲಸೆ ಅನುಮತಿಯ ದಾರಿಯಲ್ಲಿ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ 10 ಲಕ್ಷ ರೂಪಾಯಿ ವಿಮೆ: ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಮತ್ತು ತೆರಿಗೆ. ಪಾಲಿಸಿಯ ಪ್ರತಿ ಮನೆಯಲ್ಲೂ ಇರಲಿ. ಹೊರಡುವ ಮುಂಚಿನ ಒಂದು ದಿನದ ತರಬೇತಿ ಉಚಿತ. ಪಾಸ್‌ಪೋರ್ಟ್, ವೀಸಾ, ಒಪ್ಪಂದ, ಅಂಕಪಟ್ಟಿಗಳ ಸ್ಕ್ಯಾನ್ ಪ್ರತಿಯನ್ನು ನಿಮ್ಮ ಇಮೇಲಿಗೇ ಕಳಿಸಿಕೊಂಡು, ಇನ್ನೊಂದು ಪ್ರತಿಯನ್ನು ಮನೆಯವರ ಫೋನಿನಲ್ಲಿ ಇಡಿ. ಅವರಿಗೆ 1800 11 3090 ಎಂಬ ಸಹಾಯವಾಣಿ ನಂಬರನ್ನೂ ಬರೆದುಕೊಡಿ. ಬ್ಯಾಂಕಿಗೆ ಹೋಗಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಹೊರದೇಶದಲ್ಲಿರುವವರ ಇಲ್ಲಿನ ಆದಾಯದ ಖಾತೆ) ಮಾಡಿಸಿ, ಸಂಬಳ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಿರಿ. ಖಾತೆಗೆ, ಆಧಾರಿಗೆ ಜೋಡಿಸಿದ ಸಿಮ್ಮನ್ನು ರೋಮಿಂಗ್ ಹಾಕಿಸಿ ಜೊತೆಗೇ ಒಯ್ಯಿರಿ. ಮನೆಯಲ್ಲಿ ಬಿಟ್ಟರೆ ಪ್ರತಿ ಒಟಿಪಿಗೂ ನಡುರಾತ್ರಿ ತಮ್ಮನನ್ನು ಎಬ್ಬಿಸಬೇಕಾಗುತ್ತದೆ.